ಮಡಚಿದ್ದು

ಶಹಾಬಾದ ಸ್ಟೇಷನ್ನಿಗೆ ಎದುರಾ ಗೌಸ್ ಮಿಯಾನ ಅಂಗಡಿ.
ಮೊಳಿ, ತಿರುಪು, ಬೀಗ, ಸುಣ್ಣದ ಬ್ರಷ್ಷು.
ಗಾಜಿನ ಕೆಳಗ ಒಂದು ಸಾಲು ಮಲ್ಟಿಟೂಲು,
ಮದುವಿಗೆ ಬಂದ ಬೀಗರಂಗ ಹೊಳೀತಿದ್ವು.

ನಮ್ಮ ಭಾಗ್ಯವಂತಿಗೆ ಒಂಬತ್ತು ತುಂಬ್ಯಾವ.
ರಿಮೋಟು ಬಿಚ್ಚಿದ್ದಾಯ್ತು, ಗೋಡಿ ಗಡಿಯಾರ ಬಿಚ್ಚಿದ್ದಾಯ್ತು,
ಎಲ್ಲಾ ಈಳಿಗಿ ಮೂಗಿಲೆ, ಉಳ್ಳಾಗಡ್ಡಿ ಚಾಕುವಿನ ತುದಿಲೆ.
ಅವರವ್ವ ಅಂದ್ಳು: ಬೈದರ ಬಿಡೋ ಪೋರಿ ಅಲ್ಲ ಇದು.
ಬರೋಬ್ಬರಿ ಸಾಮಾನು ಕೊಡಿಸ್ರಿ.

‘ಇದ್ರಾಗ ಇಪ್ಪತ್ತೊಂದು ಕೆಲಸ ಅವ’ ಅಂದ ಗೌಸ್ ಮಿಯಾ.
ಅಲಗು ತೆರೆದೆ. ಬೆನ್ನ ಕಡಿಂದ ಕಟ್ಟಿಗಿಗೆ ಒತ್ತಿದೆ, ಹಗುರಕ.
ತುಟಿಪಿಟಕ್ ಅನ್ನದ ಮಡಚಿಕೊಂಡ್ತು.
ಇಪ್ಪತ್ತೆರಡನೇ ಕೆಲಸ ಇದು, ಅಂದೆ.

ಎರಡನೇದು ಬಿಗಿ. ಎಳದ್ರ ನನ್ನ ಉಗುರೇ ಎದ್ದು ಬರಂಗ.
ಉಗುರಿಗೆ ಬಗ್ಗದ್ದನ್ನ ಹುಡುಗ್ರು ಹಲ್ಲಿಲೆ ತೆಗೀತಾವ,
ಆ ಹಲ್ಲು ಈಗಷ್ಟೇ ಹೊಸಾವು ಬಂದಾವ.

ಮೂರನೇದರ ಖಟಕಿ ಗಟ್ಟಿ ಇತ್ತು.
ಖರೆ, ತುದಿ ನೋಡಿದ್ರ ದಬ್ಬಣ.
‘ಎಷ್ಟು ಚಿಕಿತ್ಸಿ ಮಾಡ್ತಿ ಮಾರಾಯಾ,
ಮಕ್ಕಳ ಆಟಕ್ಕ ಇಷ್ಟು ಸಾಕು’ ಅಂದ.

ನಾ ಮಾತಾಡಲಿಲ್ಲ.
ಎಡಗೈ ಗಾಜಿನ ಮ್ಯಾಗ ಇತ್ತು, ಅಷ್ಟೇ.
ಫರ್ಸಿ ಕೊಯ್ಯೋ ಮಷೀನಿಗೂ ಒಂದು ಜಾಳಗಿ ಇತ್ತು ಆಗ.
ಇತ್ತು ಅಂದ್ರ,
ಬಿಚ್ಚಿ ಗೋಡಿಗೆ ಆನಿಸಿ ಇಟ್ಟಿದ್ರು.

ಗೌಸ್ ಮಿಯಾ ಕೈ ನೋಡಿದ, ಸ್ಟೂಲ್ ಹತ್ತಿದ,
ಮ್ಯಾಲಿನ ಹಲಗಿಂದ ಧೂಳು ಊದಿ ಒಂದು ಡಬ್ಬಿ ಇಳಿಸಿದ.
ಅಲಗೇ ಇಲ್ಲ. ಒಂದು ಗಿಡ್ಡ ಪಕ್ಕಡ, ಎರಡು ಸ್ಕ್ರೂ ಡ್ರೈವರು,
ದುಂಡು ಮೂಗಿನ ಕತ್ತರಿ, ಅರ.
‘ಯಾರೂ ಒಯ್ಯಂಗಿಲ್ಲ ಇದನ್ನ, ಚಾಕು ಇಲ್ಲಂತ.’
ಹಿಡಿದು ನೋಡಿದೆ: ನನ್ನ ಮುಷ್ಟಿಯೊಳಗ ಕಳದುಹೋಯ್ತು.
ಅಂದ್ರ ಆಕಿಗೆ ಸರಿ.

‘ಚಾಕು ಎಲ್ಲಿ?’ ಮಾರಿ ಇಳಿಸಿದ್ಳು ಭಾಗಿ.
ಕೈ ಬರ್ಲಿ ಮೊದಲ. ಚಾಕು ಎಲ್ಲಿ ಹೋಗ್ತದ?
ಸಂಜಿಗೆ ಕಟ್ಟಿ ಮ್ಯಾಗ ಕುಂತು ಕಲಿಸಿದೆ:
ಕುಂತೇ ತೆಗಿಬೇಕು, ಓಡಿಕೋಂತ ಅಲ್ಲ.
ನಿನ್ನ ಕಡಿ ಅಲ್ಲ, ಆಚಿ ಕಡಿ ಒತ್ತು.
ಬಲಗೈ ಕೆಲಸ ಮಾಡೂವಾಗ ಎಡಗೈ ಎಲ್ಲೈತಿ ಅಂತ ಕೇಳು.
ಮಡಚಿದ ಮ್ಯಾಲ ಬೆರಳು ಎಣಿಸು.

ಅಜ್ಜಿ ಚಷ್ಮಾದ ಕಾಲು ಸಡಲಿತ್ತು ದೀಪಾವಳಿಂದ.
ನಾಲಿಗಿ ಹೊರಗ ಹಾಕಿ, ಉಸಿರು ಹಿಡಿದು
ಎಳ್ಳಿನಷ್ಟು ತಿರುಪು ತಿರುವಿದ್ಳು.
ಒಂದು ಸಲ ಜಾರ್ತು. ಹುಡುಕಿದ್ವಿ, ಮೂರೂ ಮಂದಿ, ಬೋರಲ ಬಿದ್ದು.
ಸಿಕ್ಕ್ತು. ಕುಂತ್ತು.
ಟಕ್ ಅಂತ ಮಡಚಿದ್ಳು.

ಎಣಿಸಿದ್ಳು: ಬರೋಬ್ಬರಿ ಹತ್ತು.
ಆಮ್ಯಾಲ ನನ್ನ ಕೈ ಎಳಕೊಂಡ್ಳು, ಕಾಯದೆ ಕಾಯದೇನೇ ಅಂತ.
ಒಂದು, ಎರಡು… ಒಂಬತ್ತು…
ಮೊಂಡು ಬೆರಳಿನ ಮ್ಯಾಗ ಆಕಿ ಬೆರಳು ನಿಂತ್ತು.
‘ಇದು ಒಳಗ ಮಡಚ್ಯದ’ ಅಂದ್ಳು.

ಹೂಂ ಅಂದೆ.
ಭಾಳ ಬಿಗಿ ಅದ,
ತೆಗೀಲಿಕ್ಕ ಹೋಗಬ್ಯಾಡ.