ಸಿಪ್ಪೆಯ ಲೆಕ್ಕ

ಚಿಯಾತುರದ ಟಾಕೀಸಿನಲ್ಲಿ ಮೂವತ್ತೊಂದು ವರ್ಷ
ಕಸ ಗುಡಿಸಿದವಳು ನಾನು, ಮಕ್ವಾಲ.
ಸಿನಿಮಾ ಹೇಗಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಪೊರಕೆ ತೋರಿಸುತ್ತಿದ್ದೆ.

ನಮ್ಮ ಜನ ಕತ್ತಲಲ್ಲಿ ಸೂರ್ಯಕಾಂತಿ ಬೀಜ ಒಡೆಯುತ್ತಾರೆ.
ಚಟ್ ಚಟ್, ತಿರುಳು ಒಳಕ್ಕೆ, ಸಿಪ್ಪೆ ನೆಲಕ್ಕೆ.
ಕತೆ ಹಿಡಿದರೆ ಹಲ್ಲು ನಿಲ್ಲುತ್ತದೆ,
ಬೀಜ ನಾಲಿಗೆಯ ಮೇಲೇ ನೆನೆಯುತ್ತದೆ,
ಆ ರಾತ್ರಿ ನನಗೆ ಅರ್ಧ ಬುಟ್ಟಿ ಕಸ.
ಕತೆ ಜಗ್ಗಿದರೆ ಎರಡು ಬುಟ್ಟಿ.
ಇಷ್ಟೇ ನನ್ನ ವಿಮರ್ಶೆ.

ಮೇಲೆ ಗೂಡಿನಲ್ಲಿ ಯಂತ್ರ ತಿರುಗಿಸುವ ನೋದರ್
ಒಪ್ಪುತ್ತಿರಲಿಲ್ಲ. ಅವನದು ದೊಡ್ಡ ರುಚಿ:
ಕುದುರೆಯೊಂದು ಮಂಜಿನಲ್ಲಿ ಹತ್ತು ನಿಮಿಷ
ಸುಮ್ಮನೆ ನಿಂತಿದ್ದರೆ ಅವನ ಕಣ್ಣು ತುಂಬುತ್ತಿತ್ತು.
ನನಗೋ ಹಡಗು ಮುಳುಗಬೇಕು,
ಕಳೆದುಹೋದ ಅಣ್ಣತಮ್ಮಂದಿರು
ಮಚ್ಚೆ ನೋಡಿ ಗುರುತು ಹಿಡಿಯಬೇಕು.
ಅಂಥದ್ದೊಂದು ಬಂತು. ಹಡಗು ರಟ್ಟಿನದು,
ನೀರು ಸೋಕಿದ್ದೇ ನೆನೆದ ರೊಟ್ಟಿಯ ಹಾಗೆ ಬಾಗಿತು.
ಕಪ್ತಾನನ ಮೀಸೆ ಒಮ್ಮೆ ಬಲಕ್ಕೆ ವಾಲಿ
ಮರುಗಳಿಗೆ ಇಲ್ಲವೇ ಇಲ್ಲ.
ಆಕಾಶದಿಂದ ಮೈಕು ಇಳಿದು ನಾಯಕಿಯ ಮುಡಿ ಸವರಿತು.
ಐದು ಸಲ ನೋಡಿದೆ, ಐದು ಸಲವೂ ಅತ್ತೆ.
"ಇದಕ್ಕಿಂತ ಕೆಟ್ಟದ್ದು ಹುಟ್ಟಿಲ್ಲ" ಎಂದ ನೋದರ್, ರೀಲು ಸುತ್ತುತ್ತ.
"ಹೋಗು, ನಿನ್ನ ಕುದುರೆಗೆ ಹುಲ್ಲು ಹಾಕು" ಎಂದೆ.

ಅವರವರ ಬಾಯಿಗೆ ಅವರವರ ಉಪ್ಪು.
ಈ ಜಗಳ ನಮಗೆ ಚಳಿಗಾಲದ ಕಟ್ಟಿಗೆ.

ಆಮೇಲೆ ರಾಜಧಾನಿಯವರು ಬಂದರು
ನಮ್ಮ ಗಣಿಯ ಮೇಲೆ ಸಿನಿಮಾ ಮಾಡಲು.
ಕಣಿವೆಯ ತಂತಿಗೆ ಜೋತ ನಮ್ಮ ತುಕ್ಕಿನ ತೊಟ್ಟಿಲು ಕಂಡು
ಚಪ್ಪಾಳೆ ತಟ್ಟಿದರು.
ನೆರೆಮನೆಯ ಲಾಮಾರಾಳಿಂದ ಒಂದೇ ದುಪ್ಪಟಿಯನ್ನು
ಹನ್ನೊಂದು ಸಲ ಒಗೆಸಿದರು.
ಮೊದಲ ಸಲಕ್ಕೇ ಬೆಳ್ಳಗಾದದ್ದಕ್ಕೆ
ಮತ್ತೆ ಮತ್ತೆ ಮಸಿ ತಂದು ಬಳಿದರು.
ಬೇಕರಿಯ ಬೆಸಾರಿಯೋನ್,
ಒಬ್ಬನೇ ಮಗನನ್ನು ಗಣಿಗೆ ಕೊಟ್ಟವನು,
ಸಮಾಧಿಯ ಮುಂದೆ ನಿಂತ. ಅಳಲಿಲ್ಲ.
ಜೇಬಿನಿಂದ ಬ್ರೆಡ್ಡಿನ ತುಂಡು ತೆಗೆದು ಕಲ್ಲಿನ ಮೇಲಿಟ್ಟ.
ಏನನ್ನಿಸಿತೋ, ಮತ್ತೆ ತೆಗೆದುಕೊಂಡ.
ಜೇಬಿಗಿಳಿಸಿ, ಜೇಬಿನ ಮೇಲೆ ಕೈಯಿಟ್ಟುಕೊಂಡ.
ನಾನು ಅಲ್ಲೇ ಇದ್ದೆ, ಅವರ ದೀಪದ ಕಂಬದ ಪಕ್ಕ.

ವರ್ಷದ ಮೇಲೆ ನಮ್ಮ ಪರದೆಗೇ ಬಂತು.
ಮೈಕು ಇಣುಕಲಿಲ್ಲ. ಮೀಸೆ ಕದಲಲಿಲ್ಲ.
ಮಂಜು ಇರಬೇಕಾದಲ್ಲಿ ಮಂಜು,
ಕುದುರೆ ಕೂಡ ಬಂತು, ನೋದರನಿಗೆಂದೇ ಎಂಬಂತೆ.
ಬೆಸಾರಿಯೋನ್ ಬಂದ. ಬ್ರೆಡ್ಡು ಇಟ್ಟ.
ತೆಗೆದುಕೊಂಡದ್ದನ್ನು ಕತ್ತರಿಸಿದ್ದರು.
ಆ ಜಾಗದಲ್ಲಿ ಪಿಟೀಲು,
ನಲವತ್ತು ಪಿಟೀಲು, ಅವನ ಬದಲು ಅಳಲು.
ಆಮೇಲೆ ಹತ್ತಿರದಿಂದ ಒಂದು ಕೆನ್ನೆ,
ಅದರ ಮೇಲೆ ಜಾರಿದ ಒಂದು ಹನಿ.

ಮುನ್ನೂರು ಜನ. ಒಬ್ಬರೂ ಬೀಜ ಒಡೆಯಲಿಲ್ಲ.
ದೀಪ ಹತ್ತಿದಾಗ ನಾಲ್ಕನೆಯ ಸಾಲಿನಲ್ಲಿ
ಬೆಸಾರಿಯೋನ್ ಟೋಪಿಯನ್ನು ಮಡಿಲಲ್ಲಿಟ್ಟು ಕೂತೇ ಇದ್ದ.
"ಅದು ನನ್ನ ಕೆನ್ನೆಯಲ್ಲ" ಎಂದ ನನಗೆ,
ಕ್ಷಮೆ ಕೇಳುವವನ ಹಾಗೆ.

ನೆಲ ಶುಭ್ರ. ನನ್ನ ಲೆಕ್ಕದಲ್ಲಿ
ಇದಕ್ಕಿಂತ ಒಳ್ಳೆಯ ಸಿನಿಮಾ ಇರಲಿಕ್ಕಿಲ್ಲ.
ಪೊರಕೆ ಹಿಡಿದು ನಿಂತೆ.
ಸಾವಿನ ಮನೆಯಲ್ಲೂ ನಮ್ಮವರು ಬೀಜ ಒಡೆಯುವುದಿಲ್ಲ,
ಅದನ್ನು ಮರೆತಿದ್ದೆ.

ನೋದರ್ ಇಳಿದು ಬಂದ, ನಮ್ಮಿಬ್ಬರ ಮುಖ ನೋಡಿದ,
ಮಾತಾಡದೆ ಹತ್ತಿ ಹೋದ.
ಮತ್ತೆ ಕತ್ತಲು. ಮತ್ತೆ ಆ ಕರಕರ ಸದ್ದು.
ಪರದೆಯ ಮೇಲೆ, ಓ, ನನ್ನ ಹಡಗು!
ಖಾಲಿ ಹಾಲಿನಲ್ಲಿ ಕಪ್ತಾನ ಮೀಸೆ ಕಳೆದುಕೊಂಡ,
ಮೈಕು ಇಳಿಯಿತು, ಹಡಗು ಬಾಗಿತು.
ನಾಲ್ಕನೆಯ ಸಾಲಿನಲ್ಲಿ ಚಟ್ ಎಂದಿತು ಒಂದು ಬೀಜ.
"ಹಿಟ್ಟು ಸರಿಯಾಗಿ ನಾದಿಲ್ಲ" ಎಂದ
ಬೆಸಾರಿಯೋನ್, ಹಡಗು ನೋಡಿ.