ಲಾಭ, ಎರಡು, ಮೂರು

ಉಪ್ಪಳದ ಅಳಿವೆ ದಾಟಿ ಇಪ್ಪತ್ತು ನಿಮಿಷ.
ಕುಂಞಿಕಣ್ಣ ಎಂಜಿನ್ ಆರಿಸಿ ಹಗ್ಗ ಇಳಿಸಿದ:
"ಇಲ್ಲೇ. ಏಳು ಮೀಟರ್.
ಒಂದು ತೆಂಗಿನ ಮರದಷ್ಟೂ ಇಲ್ಲ ಟೀಚರೇ."

ಅಂಗನವಾಡಿಯ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ.
ಈ ಕರಿ ರಬ್ಬರಿನ ಅಂಗಿಯೊಳಗೆ
ತೊಳೆದಿಟ್ಟ ಬದನೆಕಾಯಿಯ ಹಾಗಿದ್ದೇನೆ.
ಸೊಂಟಕ್ಕೆ ಸೀಸ, ಬೆನ್ನಿಗೆ ಗಾಳಿಯ ಅಂಡೆ,
ನಲವತ್ತೊಂಬತ್ತು ವರ್ಷ.

ಕಲಿಸುವ ಮುನವ್ವಿರನಿಗೆ ಇಪ್ಪತ್ತಾರು.
ಉಸಿರು ಕಟ್ಟಬಾರದು, ಅಂದ.
ಕಿವಿ ನೋಯುವ ಮೊದಲೇ ಮೂಗು ಹಿಡಿದು ಊದಬೇಕು.
ಆಮೇಲೆ ಕೈಭಾಷೆ.
ಈ ಊರಲ್ಲಿ ಮೊದಲೇ ಏಳು ಭಾಷೆ, ಇರಲಿ ಇನ್ನೊಂದು.
ಹೆಬ್ಬೆರಳಿನ ಪಾಠ ಬರುವ ಹೊತ್ತಿಗೆ
ನಾನು ನೀರು ನೋಡುತ್ತಿದ್ದೆ.

ಇಳಿದೆ, ಹಗ್ಗದ ಗಂಟು ಗಂಟು ಹಿಡಿದು.
ಮೊದಲು ಹಸಿರು, ಆಮೇಲೆ ಗಂಜಿತಿಳಿಯ ಬಣ್ಣ.
ಕಿವಿಯೊಳಗೆ ಟಕ್ಕೆಂದು ಒಂದು ಚಿಲಕ ಜಾರಿತು.
ಕುಲುಮೆಯ ತಿದಿಯ ಹಾಗೆ ನನ್ನದೇ ಉಸಿರು.
ಹೆದರಿಕೆಗೆ ಎಣಿಸತೊಡಗಿದೆ, ಅಮ್ಮ ಎಣಿಸುತ್ತಿದ್ದಂತೆ,
ಒಂದು ಅನ್ನದೆ:
ಲಾಭ. ಎರಡು. ಮೂರು.

ಹಾಯಿಯ ಮಂಜಿ ಅನ್ನಲು ಉಳಿದದ್ದು
ಬಾಗಿದ ನಾಲ್ಕು ಪಕ್ಕೆ, ತುಕ್ಕಿನ ಲಂಗರು.
ಹೊಟ್ಟೆ ತುಂಬ ಹೆಂಚು.
ಪೇರಿಸಿದ್ದು ಪೇರಿಸಿದ ಹಾಗೆಯೇ,
ಯಾವ ಮನೆಯನ್ನೂ ಏರದ ಮಾಡು.
ಸಂದಿಸಂದಿಗೆ ಪಟ್ಟೆಪಟ್ಟೆಯ ಮರಿಮೀನು,
ಹೊಸಿಲಲ್ಲಿ ದವಡೆಯಾಡಿಸುತ್ತ ಒಂದು ಮುರು,
ಬಾಡಿಗೆ ವಸೂಲಿಗೆ ಬಂದವನ ಮುಖ.

ಕೈಬೀಸಿ ಹೂಳು ಸರಿಸಿದೆ.
ಐದೆಸಳಿನ ಹೂವಿನ ಮೊಹರು.

ಹನ್ನೆರಡರಂತೆ ತಲೆಯ ಮೇಲೆ ಹೊತ್ತು
ಅಲುಗುವ ಹಲಗೆಯಲ್ಲಿ ನಡೆದು
ಅಮ್ಮ ತುಂಬಿದ್ದು ಇದನ್ನೇ.
ನೂರಕ್ಕೊಂದು ತಗಡಿನ ಬಿಲ್ಲೆ,
ಶನಿವಾರ ಬಿಲ್ಲೆ ಎಣಿಸಿ ಕೂಲಿ.
ಆ ಶನಿವಾರ ಸಾಹುಕಾರ ಅಂದನಂತೆ:
ಮಂಜಿ ಮುಳುಗಿತು. ತಲುಪದ ಮಾಲಿಗೆ ಕೂಲಿ ಎಂಥದ್ದು?
ಮುಳುಗಿದ್ದೇ ಸುಳ್ಳು ಅನ್ನುತ್ತಿದ್ದಳು ಅಮ್ಮ,
ಆಸ್ಪತ್ರೆಯ ಮಂಚದಲ್ಲೂ.

ಉಂಟು, ಇಲ್ಲೇ ಉಂಟು ಅಂತ
ಮುನವ್ವಿರನಿಗೆ ಹೆಬ್ಬೆರಳು ಎತ್ತಿ ತೋರಿಸಿದೆ.
ಅವನು ತೋಳು ಹಿಡಿದು
ಮೆಲ್ಲಮೆಲ್ಲಗೆ ನನ್ನನ್ನು ಬಿಸಿಲಿಗೆ ತಂದ.

"ಎಂಥ ಆಯ್ತು? ಮೇಲೆ ಹೋಗುವಾ ಅಂದಿರಲ್ಲ!"
"ಅಲ್ಲ ಮಾರಾಯ, ಸಿಕ್ಕಿತು ಅಂದದ್ದು ನಾನು."
ಕುಂಞಿಕಣ್ಣ ಬೀಡಿ ಕೆಮ್ಮುವಷ್ಟು ನಕ್ಕ.

ಅಮ್ಮಾ, ಮುಳುಗಿದ್ದು ಹೌದು.
ಕೂಲಿಯ ಮಾತು ಬೇರೆ.

ಇನ್ನೂ ಅರ್ಧ ಅಂಡೆ ಗಾಳಿ ಉಂಟಂತೆ.
ಕನ್ನಡಕದ ಗಾಜಿಗೆ ಉಗುಳಿ ತಿಕ್ಕಿ
ಮತ್ತೆ ಹಗ್ಗ ಹಿಡಿದೆ.
ಎಷ್ಟು ಬಿಲ್ಲೆ ಬಾಕಿ, ಎಣಿಸಿಯೇ ಬಿಡುವಾ.
ಲಾಭ.