ಕೆಂಪು ಚೀಲ, ಬಿಳಿ ಚೀಲ

ಫಕ್ಕೀರವ್ವ ಬಲಗೈ ಹೆಬ್ಬೆರಳಿನ ಉಗುರು ತೆಗೆಯುವುದಿಲ್ಲ.
ಉಳಿದ ಒಂಬತ್ತನ್ನೂ ಬ್ಲೇಡಿನಲ್ಲಿ ಸವರಿಕೊಂಡು
ಇದೊಂದನ್ನು ಬಾವಿಕಟ್ಟೆಯ ಕಲ್ಲಿಗೆ ತಿಕ್ಕಿ
ಅಂಚು ತೆಳ್ಳಗೆ ಮಾಡಿಕೊಳ್ಳುತ್ತಾಳೆ, ಕುಡುಗೋಲಿನ ಹಾಗೆ.

ಎತ್ತಿನಗುಡ್ಡದ ಕೃಷಿ ಕಾಲೇಜು,
ಹತ್ತಿ ವಿಭಾಗದ ಮೂರನೇ ತಾಕು,
ಮಧ್ಯಾಹ್ನ ಮೂರೂವರೆ.
ನಾಳೆ ಅರಳುವ ಮೊಗ್ಗು ಯಾವುದೆಂದು ತಿಳಿಯಲು
ನನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು.
ಅವಳು ಮೊಗ್ಗಿನ ಮೂಗು ನೋಡಿ ಹೇಳುತ್ತಿದ್ದಳು:
"ಇದು ನಾಳಿದು. ಇದು ನಾಡದ್ದಿಂದು.
ಇದು ಇವತ್ತ ಅರಳೂದಿತ್ತು, ಯಾಕೋ ಸಿಟ್ಟಾಗೇತಿ."

ನನ್ನ ಮೊದಲ ನಲವತ್ತು ಹೂ ಉದುರಿಹೋದವು.
ಎಳೆ ಕಾಯಿಗೇ ಉಗುರು ತಾಗಿಸಿದ್ದೆ.
ಸರ್ ಬೋರ್ಡಿನ ಮೇಲೆ ಬರೆದ ಚಿತ್ರದಲ್ಲಿ
ಎಲ್ಲವೂ ಬಾಣದ ಗುರುತಿಗೆ ದೂರದೂರ ನಿಂತಿದ್ದವು,
ಇಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಹುಟ್ಟಿದ್ದವು.
ಅವಳು ನನ್ನ ಮಣಿಕಟ್ಟು ಹಿಡಿದಳು.
"ಒತ್ತಬ್ಯಾಡ್ರೀ. ಒತ್ತೂದಲ್ಲ, ತಿರುವೂದು.
ಮಲಗಿದ ಕೂಸಿನ ಕುಲಾಯಿ ತಗೀತಾರಲ್ಲ, ಹಂಗ."
ತಿರುವಿದಳು.
ಎಸಳು, ಕೇಸರ, ಎಲ್ಲ ಒಂದೇ ಬಳೆಯಾಗಿ ಕಳಚಿ ಬಂತು.
ಒಳಗೆ ಶಲಾಕೆಯೊಂದೇ, ತಿಳಿಹಸಿರು, ಒದ್ದೆ,
ಏನೂ ಆಗಿಲ್ಲವೆಂಬಂತೆ ನೆಟ್ಟಗೆ.

ಅದಕ್ಕೆ ಕೆಂಪು ಕಾಗದದ ಚೀಲ.
ಬೆಳಿಗ್ಗೆ ಇಬ್ಬನಿ ಆರಿದ ಮೇಲೆ
ಗಂಡು ಸಾಲಿನ ಹೂ ತಂದು, ಎಸಳು ಹಿಂದಕ್ಕೆ ಮಡಚಿ
ಮೆಲ್ಲಗೆ ಸವರಿ, ದಾರ ಕಟ್ಟಿ, ಬಿಳಿ ಚೀಲ.
ಲೋಕದ ಹತ್ತಿ ಹೂ ಬಿಳಿ ಅರಳಿ ಕೆಂಪಗೆ ಬಾಡುತ್ತದೆ.
ನಮ್ಮ ತಾಕಿನಲ್ಲಿ ಮೊದಲು ಕೆಂಪು,
ಆಮೇಲೆ ಬಿಳಿ.

"ಮದುವಿ ಮಾಡಾಕ ನಿಂತೀರಿ,
ಬೀಗರ ಹೆಸರು ಕೇಳಿದ್ರ ನಂಬರ್ ಹೇಳ್ತೀರಿ"
ಎಂದು ಸಾಲಿನ ಆ ತುದಿಯಿಂದ ನಗುತ್ತಿದ್ದಳು.
ಈ ತುದಿಯಲ್ಲಿ ಬೂಬವ್ವ ಲಾವಣಿ ಹೇಳಿದ ಹಾಗೆ ನಂಬರ್ ಕೂಗುತ್ತಿದ್ದಳು.
ನಾನು ಬರೆದುಕೊಳ್ಳುತ್ತಿದ್ದೆ:
ದಿನಾಂಕ, ತಾಯಿ, ತಂದೆ, ಚೀಲಗಳ ಲೆಕ್ಕ,
ಮಾಡಿದವರ ಸಹಿ.
ಆ ಕೊನೆಯ ಕಾಲಮ್ಮಿನಲ್ಲಿ ನನ್ನದೇ ಅಕ್ಷರ,
ನೂರಾ ಹದಿನೇಳು ಸಲ.

ಆ ವರ್ಷವೇ ದಿನಗೂಲಿಯವರಿಗೆ ಹಾಜರಿ ಯಂತ್ರ ಬಂತು.
ಗಾಜಿನ ಮೇಲೆ ಅವಳು ಬೆರಳಿಟ್ಟರೆ ಕೆಂಪು ದೀಪ,
ಸೆರಗಿಗೆ ಒರೆಸಿ ಇಟ್ಟರೂ ಕೆಂಪು ದೀಪ.
ಗುಮಾಸ್ತ ರಾಚೋಟಿ ಗೊಣಗಿದ:
"ಹೆಬ್ಬೆಟ್ಟಿನಾಕಿಗೆ ಹೆಬ್ಬೆಟ್ಟೂ ಇಲ್ಲಂದ್ರ ಹೆಂಗ?"
ಅವಳು ಬೆರಳನ್ನು ಬಿಸಿಲಿಗೆ ಹಿಡಿದು
ಬೇರೆ ಯಾರದೋ ಎನ್ನುವ ಹಾಗೆ ನೋಡಿದಳು.
"ಗೆರಿ ಎಲ್ಲಿ ಉಳದಾವಪಾ,
ಎಲ್ಲಾ ನಿಮ್ಮ ಹೂವಿನ ಮ್ಯಾಲ ಹೋಗ್ಯಾವ."
ಕಡೆಗೆ ಎಡಗೈ ಕಿರುಬೆರಳು ಒಪ್ಪಿತು.
ಅಂದಿನಿಂದ ಸರ್ಕಾರಕ್ಕೆ ಅವಳೆಂದರೆ
ಕೆಲಸವನ್ನೇ ಮಾಡದ ಆ ಬೆರಳು.

ಇನ್ನೊಂದು ಮಾತು. ಇದನ್ನು ಗೈಡಿಗೆ ಹೇಳಿಲ್ಲ.
ಪ್ರತಿ ಸಾಲಿನ ಕೊನೆಯ ಗಿಡದಲ್ಲಿ
ಒಂದು ಹೂ ಅವಳು ಮುಟ್ಟುತ್ತಿರಲಿಲ್ಲ.
ಚೀಲವಿಲ್ಲ, ದಾರವಿಲ್ಲ, ನಂಬರಿಲ್ಲ.
ಕೇಳಿದ್ದಕ್ಕೆ, "ಹುಳಕ್ಕೂ ಏನರ ಕೆಲಸ ಬೇಕಲ್ರೀ" ಅಂದಳು.
ಹತ್ತರ ಬಿಸಿಲಿಗೆ ಜೇನು ಬಂದು
ಅಷ್ಟು ಚೀಲಗಳ ನಡುವೆ ಆ ಒಂದೇ ಬಾಗಿಲು ಹುಡುಕಿ
ಹಳದಿ ಮೆತ್ತಿಕೊಂಡು ಹೋಗುತ್ತಿತ್ತು.

ಜನವರಿಯಲ್ಲಿ ಕಾಯಿ ಒಡೆದವು.
ನನ್ನವು ಚೀಟಿ ಹಚ್ಚಿಸಿಕೊಂಡು ತಣ್ಣನೆ ಕೋಣೆಗೆ ಹೋದವು.
ಅವಳವು ನಾಲ್ಕೋ ಐದೋ, ಅವಳ ಉಡಿಗೆ.
ಗಿಡದ ನೆರಳಲ್ಲೇ ಕೂತು
ಅದೇ ಉಗುರಿನಿಂದ ಬೀಜ ಬಿಡಿಸಿ,
ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿದಳು.
"ಬೀಜ?" ಎಂದೆ. ತಾಯಿ ಗೊತ್ತು, ತಂದೆ ಗೊತ್ತಿಲ್ಲ,
ಕಾಲಮ್ಮು ಖಾಲಿ.
"ಹಿತ್ತಲದಾಗ ಒಗೀತೇನಿ. ಏನ ಹುಟ್ಟತೈತೋ ಹುಟ್ಟಲಿ."

ನನ್ನ ಪ್ರಬಂಧ ನೂರಾ ಹನ್ನೆರಡು ಪುಟ.
ಕೃತಜ್ಞತೆಗಳಲ್ಲಿ ಹಾಸ್ಟೆಲಿನ ಗೆಳತಿಯರೂ ಇದ್ದಾರೆ,
ಟೈಪ್ ಮಾಡಿಕೊಟ್ಟ ಅಂಗಡಿಯೂ ಇದೆ.
ಮುಮ್ಮಿಗಟ್ಟಿಗೆ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ.
ಆ ಹಿತ್ತಲನ್ನು ನಾನಿನ್ನೂ ನೋಡಿಲ್ಲ.